ಹದಿನಾಲ್ಕು ದನಿಗಳ ನಡುವೆ ಅಂಜನಾ ಸಿಸ್ಟರ್

ಅಂಜನಾ ಸಿಸ್ಟರ್ ಅವರ ಬಾಯಿಂದ ಹೊರಡುವ ಮೊದಲ ಮಾತು ಯಾವಾಗಲೂ ‘ಹಂಗಲ್ಲ’ ಎಂಬುದೇ. ಎದುರಿನವರು ಹೇಳಿದ್ದು ತಪ್ಪಾಗಿರಬೇಕೆಂಬ ನಿಯಮವೇನೂ ಇಲ್ಲ. ಇವತ್ತು ಸೋಮವಾರ ಎಂದು ನೀವು ಹೇಳಿದರೂ, “ಹಂಗಲ್ಲರಿ, ಇವತ್ತ ಸೋಮವಾರ” ಎಂದು ನಿಮ್ಮ ಮಾತನ್ನೇ ತಿದ್ದಿ ನಿಮಗೆ ಮರಳಿಸುತ್ತಾರೆ. ಜಗತ್ತಿನ ಪ್ರತಿಯೊಂದು ಸತ್ಯವೂ ತಮ್ಮ ಕೈಯಲ್ಲಿ ಒಮ್ಮೆ ತೊಳೆಸಿಕೊಂಡೇ ಚಲಾವಣೆಗೆ ಬರಬೇಕೆಂಬ ಈ ಹಟ ಹುಟ್ಟಿನಿಂದ ಬಂದದ್ದೋ, ಅಥವಾ ಮೂವತ್ತು ವರ್ಷ ಅಳುವ ಮಕ್ಕಳಿಗೆ ಸೂಜಿ ಚುಚ್ಚುತ್ತ, ಹೆದರಿದ ತಾಯಂದಿರಿಗೆ ತಿಳಿಹೇಳುತ್ತ ಬೆಳೆದದ್ದೋ, ನಾನು ಬಲ್ಲೆನೆಂದು ಹೇಳಲಾರೆ.

ಬೀಳಗಿ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವರು ನರ್ಸು. ಲಸಿಕೆಯ ತಂಪುಪೆಟ್ಟಿಗೆಯನ್ನು ಅಷ್ಟು ವರ್ಷ ಹೊತ್ತು ಎಡಭುಜ ಒಂದಿಷ್ಟು ಇಳಿದುಹೋಗಿದೆ; ನಡೆಯುವಾಗ ತಲೆ ಮೊದಲು ಹೊರಟು, ದೇಹ ಅದನ್ನು ಹಿಂಬಾಲಿಸಿದಂತೆ ಕಾಣುತ್ತದೆ. ಸೀರೆಯ ಮೇಲೆ ಗಂಡಸರ ಅಳತೆಯ ಒಂದು ಖಾಕಿ ಅರ್ಧಕೋಟು ತೊಡುತ್ತಾರೆ. ಬಸ್ ಕಂಡಕ್ಟರುಗಳಿಗೆ ಅಂಗಿ ಹೊಲಿಯುವ ಮುಧೋಳದ ದರ್ಜಿಯೊಬ್ಬನಿಂದ ಹಟ ಹಿಡಿದು ಹೊಲಿಸಿದ, ನಾಲ್ಕು ಕಿಸೆಗಳ ಕೋಟು ಅದು. ಒಂದರಲ್ಲಿ ಪೆನ್ನುಗಳು, ಒಂದರಲ್ಲಿ ಮೊಬೈಲು, ಒಂದರಲ್ಲಿ ಅಳುವ ಮಕ್ಕಳಿಗೂ ತಮಗೂ ಶೇಂಗಾ ಚಿಕ್ಕಿ, ಎದೆಗೆ ಹತ್ತಿದ ನಾಲ್ಕನೆಯದರಲ್ಲಿ ಅಂಚು ಸವೆದ ಒಂದು ನೋಟ್‌ಬುಕ್ಕು. ಆ ನೋಟ್‌ಬುಕ್ಕಿನಲ್ಲಿ ಶಿದ್ರಾಮಪ್ಪ ಮಾಸ್ತರರ ಇನ್ನೂರ ಹನ್ನೆರಡು ಹಾಡುಗಳಿವೆ.

ಶಿದ್ರಾಮಪ್ಪ ಮಾಸ್ತರರ ಹೆಸರು ನಮ್ಮ ಕಡೆ ಗೊತ್ತಿಲ್ಲದವರಿಲ್ಲ. ರಬಕವಿಯಲ್ಲಿ ಹಗಲು ಮಗ್ಗ ನೇಯ್ದು, ಸಂಜೆ ನಾಟಕ ಕಂಪನಿಗಳಿಗೆ ಹಾಡು ಬರೆದುಕೊಟ್ಟವರು. ತೀರಿಕೊಂಡು ನಲವತ್ತು ವರ್ಷ ಕಳೆದರೂ ಮದುವೆಯ ಮನೆಯಲ್ಲಿ, ಕಬ್ಬಿನ ಗಾಡಿಯ ಮೇಲೆ, ಮಹಾಲಿಂಗಪುರ ದಾಟುವ ಬಸ್ಸಿನ ಹಿಂದಿನ ಸೀಟಿನಲ್ಲಿ ಇವತ್ತಿಗೂ ಅವರ ಹಾಡು ಕೇಳುತ್ತದೆ. ಅವರು ತಾವೇ ಹಾಡಿದ್ದರ ಒಂದೇ ಒಂದು ಕ್ಯಾಸೆಟ್ಟು ಉಳಿದಿದೆ. ಅದರ ಪ್ರತಿ ಅಂಜನಾ ಸಿಸ್ಟರ್ ಅವರಲ್ಲಿದೆ. ಆ ಕ್ಯಾಸೆಟ್ಟಿನ ಗತಿಯೇ ಗತಿ, ಆ ಏರಿಳಿತವೇ ಏರಿಳಿತ. ಅದರಿಂದ ಕೂದಲೆಳೆಯಷ್ಟು ಸರಿದು ಹಾಡಿದವರು ಅವರ ದೃಷ್ಟಿಯಲ್ಲಿ ಮಾಸ್ತರರ ಆಸ್ತಿಗೆ ಬೇಲಿ ಮುರಿದು ನುಗ್ಗಿದವರು.

ನನಗೆ ಅವರ ಪರಿಚಯವಾದದ್ದೂ ಹೀಗೆಯೇ. ಹನ್ನೆರಡು ವರ್ಷದ ಹಿಂದೆ ಜಮಖಂಡಿಯ ಸಭೆಯೊಂದರಲ್ಲಿ ನಾನು ಮಾಸ್ತರರ ಬಗ್ಗೆ ಮಾತನಾಡುತ್ತ, ಉತ್ಸಾಹದಲ್ಲಿ ಎರಡು ಸಾಲು ಗುನುಗಿಬಿಟ್ಟೆ. ಕುರ್ಚಿಗಳ ಮೂರನೆಯ ಸಾಲಿನಿಂದ ಖಾಕಿ ಕೋಟೊಂದು ಎದ್ದು ನಿಂತಿತು. “ಹಂಗಲ್ಲ ಸರ್. ನೀವು ಮಾತಷ್ಟಽ ಹೇಳ್ರಿ, ಹಾಡಬ್ಯಾಡ್ರಿ.” ಸಭೆ ನಕ್ಕಿತು. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಅಂದಿನಿಂದ ಸಾರ್ವಜನಿಕವಾಗಿ ಹಾಡಿಲ್ಲ. ಆದರೆ ಅಂದಿನಿಂದ ನಾವು ಸ್ನೇಹಿತರು.

ಎಲ್ಲರೂ ನನ್ನಂತೆ ನಕ್ಕು ಕುಳಿತುಕೊಳ್ಳಲಿಲ್ಲ. ಬನಹಟ್ಟಿಯ ಮಾಲಾ ಟೀಚರ್ ಮತ್ತು ಅಂಜನಾ ಸಿಸ್ಟರ್ ಒಂದು ಕಾಲದಲ್ಲಿ ಒಟ್ಟಿಗೇ ಹಾಡುತ್ತಿದ್ದವರು. ಒಂಬತ್ತು ವರ್ಷ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಇದ್ದದ್ದಕ್ಕೆ ಕಾರಣ ರಬಕವಿಯಲ್ಲಿ ನಡೆದ ಮಾಸ್ತರರ ಒಂದು ಪುಣ್ಯತಿಥಿ. ಅಂದು ಮಾಲಾ ಎತ್ತಿಕೊಂಡದ್ದು ಎಲ್ಲರಿಗೂ ಬಾಯಿಪಾಠವಾಗಿರುವ ಹಾಡು, ಸೊಲ್ಲಾಪುರದ ಗಿರಣಿಗೆ ಹೋಗಿ ಮರಳದ ಗಂಡನನ್ನು ನೇಕಾರ ಹೆಂಡತಿ ಕರೆಯುವ ಹಾಡು:

ಅರ್ಧಕ್ಕ ನಿಂತೈತಿ ಮಗ್ಗದ ಸೀರಿ
ಉಳಿದದ್ದು ನೀನಽ ನೇಯಬಾರೊ, ದೊರಿ

ಕ್ಯಾಸೆಟ್ಟಿನಲ್ಲಿ ಅದು ಮಗ್ಗದ ಲಾಳಿ ಓಡಿದಂತೆ ಓಡುತ್ತದೆ. ಮಾಲಾ ಅದನ್ನು ನಿಧಾನಿಸಿದರು. ‘ಬಾರೊ’ ಎಂಬಲ್ಲಿ ನಿಂತು, ತಮ್ಮ ಶಾಲೆಯ ಮಕ್ಕಳಿಂದ ಬೇರೆ ಸ್ವರದಲ್ಲಿ ಅದೇ ಮಾತನ್ನು ಹಿಂತಿರುಗಿ ಕೂಗಿಸಿದರು. ಎರಡನೆಯ ನುಡಿಗೆ ಬರುವಷ್ಟರಲ್ಲಿ ಮೂರನೆಯ ಸಾಲಿನಿಂದ ಅಂಜನಾ ಸಿಸ್ಟರ್ ಎದ್ದು, ಮುನ್ನೂರು ಜನರ ಮುಂದೆ, ಕೈ ಎತ್ತಿ ಹಾಡನ್ನು ನಿಲ್ಲಿಸಿದರು. “ಹಂಗಲ್ಲ ಮಾಲಾ. ಇಳಿ ಕೆಳಗ.” ಮಾಲಾ ಇಳಿದರು. ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು ಹೊರಟುಹೋದರು. ಆಮೇಲೆ ಅವರು ಯಾವ ವೇದಿಕೆಯನ್ನೂ ಹತ್ತಲಿಲ್ಲ. ಸಿಸ್ಟರ್ ಮಾತ್ರ, ಮಗುವಿನ ಕಾಲಿಗೆ ಹೊಕ್ಕ ಮುಳ್ಳು ತೆಗೆದವರ ನೆಮ್ಮದಿಯಲ್ಲಿ, ಚಿಕ್ಕಿ ಮುರಿದು ಪಕ್ಕದವರಿಗೆ ಕೊಟ್ಟರು.

ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳಲ್ಲಿ ಒಂದು ಪೋಲಿಯೋ ಭಾನುವಾರ ಬಂತು. ಹಿನ್ನೀರಿಗೆ ಹಳೆಯ ಊರು ಬಿಟ್ಟುಕೊಟ್ಟು ಬಂದವರ ಒಂದು ಪುನರ್ವಸತಿ ಊರಿನಲ್ಲಿ ಸಿಸ್ಟರ್ ಅವರಿಗೆ ಬೂತು. ಅಂಗನವಾಡಿಯ ಛಾವಣಿ ದುರಸ್ತಿಗೆ ಬಿಚ್ಚಿದ್ದರಿಂದ ಪಕ್ಕದ ಸಣ್ಣ ಚರ್ಚಿನ ಕಟ್ಟೆಯ ಮೇಲೆ ಮೇಜು ಹಾಕಿದ್ದರು. ಜೊತೆಗೆ ಆಶಾ ಕಾರ್ಯಕರ್ತೆ ಅಕ್ಷತಾ. ಒಂಬತ್ತು ಗಂಟೆಗೆ ಒಳಗೆ ಪ್ರಾರ್ಥನೆ ಶುರುವಾಯಿತು, ಹೊರಗೆ ಮಕ್ಕಳ ಸಾಲು ಬೆಳೆಯಿತು. ಆಮೇಲೆ ನಡೆದದ್ದನ್ನು ನಾನು ಇಬ್ಬರ ಬಾಯಲ್ಲೂ ಕೇಳಿದ್ದೇನೆ, ಅಕ್ಷತಾ ಹೇಳಿದ್ದರಲ್ಲಿಯೇ ನಗೆ ಹೆಚ್ಚು.

ಕಿಟಕಿಯಿಂದ ಮೊದಲು ಬಂದದ್ದು ಹಾರ್ಮೋನಿಯಮ್ಮಿನ ಒಂದೇ ಎಳೆ. ಬಳಿಕ ಗಂಡಸರ ಕೆಳದನಿ, ‘ಅರ್ಧಕ್ಕ ನಿಂತೈತಿ’ ಎಂದಷ್ಟೇ ಹೇಳಿ ನಿಂತಿತು. ಮಗುವಿನ ಬಾಯಿಯ ಮೇಲೆ ಹನಿ ಹಿಡಿದಿದ್ದ ಸಿಸ್ಟರ್ ಕೈ ಅಲುಗಲಿಲ್ಲ. ಎರಡು ಹನಿ ಲೆಕ್ಕವಾಗಿ ಬಿದ್ದವು. ಆದರೆ ಮುಖ ಕಿಟಕಿಯ ಕಡೆ ತಿರುಗಿತು. ಹೆಂಗಸರ ದನಿ ಆ ಸಾಲನ್ನು ಎತ್ತಿಕೊಂಡು ನಿಧಾನವಾಗಿ ಮೇಲಕ್ಕೆ ಹತ್ತಿತು. ‘ನೇಯಬಾರೊ’ ಎಂಬಲ್ಲಿ ಒಂದು ಗುಂಪು ನಿಂತರೆ ಇನ್ನೊಂದು ಗುಂಪು ‘ಬಾರೊ’ ಎಂದು ಕರೆಯಿತು. ಅದರ ಹೆಗಲ ಮೇಲಿಂದ ಮೂರನೆಯದು ‘ಬಾರೊ’ ಎಂದಿತು. ಕೊನೆಗೆ ಎಲ್ಲ ಒಟ್ಟಾಗಿ, ಚಪ್ಪಾಳೆಯ ಜೊತೆ, ‘ದೊರಿ’ ಎಂಬ ಎರಡಕ್ಷರದ ಮೇಲೆ ಇಡೀ ಛಾವಣಿಯನ್ನೇ ಎತ್ತಿ ಹಿಡಿದಂತೆ ನಿಂತುಬಿಟ್ಟವು. ಮಾಸ್ತರರ ಹಾಡು, ಗಂಡನನ್ನು ಕರೆಯುವ ನಾಟಕದ ಹಾಡು, ಒಳಗೆ ದೇವರನ್ನು ಕರೆಯುತ್ತಿತ್ತು. ಒಂದು ಅಕ್ಷರವೂ ಬದಲಾಗಿರಲಿಲ್ಲ.

“ಸಿಸ್ಟರ್, ಬಟ್ಟಿಗೆ ಶಾಯಿ ಹಚ್ರಿ,” ಎಂದಳಂತೆ ಅಕ್ಷತಾ. ಸಿಸ್ಟರ್ ಹಚ್ಚಿದರು. ಮಗುವಿನ ಕಿರುಬೆರಳಿಗಲ್ಲ, ತಮ್ಮದಕ್ಕೇ.

“ಅಕ್ಷತಾ, ಕೇಳಿದೇನ? ಮಾಸ್ತರ್ ಹಾಡು!”

“ಕೇಳಾಕತ್ತೇನ್ರಿ. ಮಕ್ಕಳು ಅಳಾಕತ್ತಾವು, ಅದನ್ನೂ ಕೇಳ್ರಿ.”

ಎದ್ದು ಒಳಗೆ ಓಡುವಂತಿಲ್ಲ. ಹೊರಗೆ ನಲವತ್ತು ಮಕ್ಕಳು, ತಂಪು ಕಾಯಬೇಕಾದ ಲಸಿಕೆ. ಜೀವಮಾನದ ಅತಿ ದೊಡ್ಡ ಹಾಡನ್ನು ಅವರು ಬೆನ್ನ ಹಿಂದಿನಿಂದ, ಅಳುವ ಮಕ್ಕಳ ನಡುವಿನಿಂದ, ಒಂದು ಮುಕ್ಕಾಲು ಗಂಟೆ ಕೇಳಬೇಕಾಯಿತು. ಆ ಅವಧಿಯಲ್ಲಿ ಮಾಸ್ತರರ ಮೂರು ಹಾಡುಗಳು ಬಂದುಹೋದವು. ಪ್ರಾರ್ಥನೆ ಮುಗಿದು ಜನ ಹೊರಬರುತ್ತಲೇ ಸಿಸ್ಟರ್ ಬಾಗಿಲಿಗೆ ಅಡ್ಡ ನಿಂತರು.

“ಯಾರ ಕಲಿಸಿದ್ರ ನಿಮಗ ಈ ಹಾಡ?”

ಗಾಯಕರ ಮುಂದಾಳು ರಾಜಕುಮಾರ, ವಾರವಿಡೀ ಟ್ರ್ಯಾಕ್ಟರ್ ರಿಪೇರಿ ಮಾಡುವ ಮೂವತ್ತರ ಯುವಕ, ಗಾಬರಿಯಾದ. “ಇದು ನಮ್ಮ ಚರ್ಚಿನ ಹಾಡ್ರಿ. ಮೊದಲಿಂದ ಐತಿ.”

“ಹಂಗಲ್ಲೋ! ಇದು ರಬಕವಿ ಶಿದ್ರಾಮಪ್ಪ ಮಾಸ್ತರದ್ದು.”

ಹಿಂದಿನಿಂದ ಕೋಲೂರಿಕೊಂಡು ಒಬ್ಬ ಅಜ್ಜಿ ಬಂದಳು. ಮುದಕವ್ವ, ಎಪ್ಪತ್ತೆಂಟರ ವಯಸ್ಸಿನಲ್ಲೂ ಮೇಳದ ಮೊದಲ ಸಾಲಿನವಳು. “ಹೌದ ಬೇ, ಮಾಸ್ತರದ್ದಽ. ಈ ಹುಡುಗರಿಗೆ ಗೊತ್ತಿಲ್ಲ. ನಮ್ಮ ಮಾಂವ ಗಂಗಾರಾಮ, ಮಾಸ್ತರ ಹಾಡ ಬರಕೊಡ್ತಿದ್ದ ನಾಟಕ ಕಂಪನಿಯಾಗ ಹಾರ್ಮೋನಿಯಂ ಪೇಟಿ ಬಾರಸ್ತಿದ್ದ. ಕಂಪನಿ ಮುರದ ಮ್ಯಾಲ ಊರಿಗೆ ಬಂದು, ‘ಈ ಹಾಡಿನಾಗ ಪ್ರಾರ್ಥನಿ ಐತಿ, ನೀವು ಹಾಡ್ರಿ’ ಅಂತ ನಮಗ ಕಲಿಸಿದ. ಆವಾಗಿದ್ದ ಪಾಸ್ಟರ್ ದನಿ ಹಂಚಿ ಕೊಟ್ರು. ಊರು ಮುಳುಗಿತು. ಹನ್ನೊಂದ ಹಾಡ ಹೊತ್ತಗೊಂಡು ಬಂದ್ವಿ.”

ಆ ಮಧ್ಯಾಹ್ನ ನನ್ನ ಫೋನು ಬಡಿದುಕೊಂಡಿತು. “ಸರ್, ಎಲ್ಲಾ ಬಿಟ್ಟು ಬರ್ರಿ. ಹನ್ನೊಂದ ಹಾಡ ಅದಾವು ಸರ್, ಹನ್ನೊಂದ! ಒಬ್ಬರ ಹಾಡಾಕತ್ತಾರ ಅಂತ ತಿಳದ್ರ ನಾಕ ಮಂದಿ ಹಾಡಿದಂಗ, ನಾಕ ಮಂದಿ ಅಂತ ತಿಳದ್ರ ಊರಽ ಹಾಡಿದಂಗ. ನಾ ಹ್ಯಾಂಗ ಹೇಳ್ಲಿ, ಬರ್ರಿ ಅಷ್ಟಽ.” ಐವತ್ತೈದು ದಾಟಿದ ಹೆಂಗಸು ಹಾಗೆ ಏದುಸಿರು ಬಿಡುವುದನ್ನು ನಾನು ಮೊದಲ ಬಾರಿ ಕೇಳಿದೆ. ಗಮನಿಸಿದ ಇನ್ನೊಂದು ಸಂಗತಿ: ಅಷ್ಟೂ ಮಾತಿನಲ್ಲಿ ಅವರು ನನ್ನನ್ನು ಒಮ್ಮೆಯೂ ತಿದ್ದಲಿಲ್ಲ.

ಮುಂದಿನ ಭಾನುವಾರ ಬೀಳಗಿಯ ಬಸ್ಸು ಹಿಡಿದೆ. ನಿಲ್ದಾಣದಲ್ಲಿ ಸಿಸ್ಟರ್ ಸ್ಕೂಟಿ ಚಾಲೂ ಇಟ್ಟುಕೊಂಡೇ ಕಾಯುತ್ತಿದ್ದರು. ಚರ್ಚಿನ ಹಿಂದಿನ ಬೆಂಚಿನಲ್ಲಿ ಕುಳಿತು ನಾನು ಕೇಳಿದ್ದನ್ನು ವರ್ಣಿಸುವ ಶಕ್ತಿ ನನ್ನ ಗದ್ಯಕ್ಕಿಲ್ಲ. ಹದಿನಾಲ್ಕು ಜನ, ಕಬ್ಬು ಕಡಿಯುವವರು, ಒಬ್ಬ ಪೋಸ್ಟ್‌ಮನ್ನು, ಕಾಲೇಜಿಗೆ ಹೋಗುವ ಇಬ್ಬರು ಹುಡುಗಿಯರು, ಮುದಕವ್ವ. ಸಂಗೀತ ಕಲಿತವರು ಯಾರೂ ಇಲ್ಲ. ಆದರೆ ಒಬ್ಬರ ಉಸಿರು ಮುಗಿಯುವ ತಾಣದಲ್ಲಿ ಇನ್ನೊಬ್ಬರ ಉಸಿರು ಕಾದು ನಿಂತಿರುತ್ತಿತ್ತು. ಇಷ್ಟು ಕಾಲ ಒಂಟಿ ಹೆಂಗಸಿನ ಕೊರಗು ಎಂದು ನಾನು ತರಗತಿಯಲ್ಲಿ ವ್ಯಾಖ್ಯಾನಿಸುತ್ತ ಬಂದ ಹಾಡು, ಮನೆ ಹೊಲ ನೀರಿಗೆ ಬಿಟ್ಟು ಬಂದ ಒಂದಿಡೀ ಊರಿನ ಕೊರಳಿನಿಂದ ಎದ್ದು, ಕೊರಗನ್ನು ದಾಟಿ, ಕೊನೆಗೆ ಚಪ್ಪಾಳೆಯ ಹರ್ಷಕ್ಕೆ ಮುಟ್ಟುತ್ತಿತ್ತು. ಪಕ್ಕಕ್ಕೆ ನೋಡಿದೆ. ಸಿಸ್ಟರ್ ಅಳುತ್ತಿದ್ದರು, ಅಳುತ್ತಲೇ ತಾಳ ಹಾಕುತ್ತಿದ್ದರು.

ಹೊರಗೆ ಬಂದು ಬೇವಿನ ನೆರಳಲ್ಲಿ ನಿಂತಾಗ ಅವರು ಥಟ್ಟನೆ ಹೇಳಿದರು: “ಮಾಲಾ ಹಿಂಗಽ ಹಾಡಿದ್ಳು ಸರ್.”

ಕಿಸೆಯಿಂದ ಚಿಕ್ಕಿ ತೆಗೆದು, ಮುರಿಯದೆಯೇ ಮರಳಿ ಇಟ್ಟುಕೊಂಡರು.

“ನಾಳೆ ಸಂಜಿಗೆ ಬನಹಟ್ಟಿಗೆ ಹೋಗೂಣು. ನೀವೂ ಬರ್ರಿ. ಒಬ್ಬಾಕಿ ಹೋದ್ರ ಮತ್ತೊಂದ ಜಗಳಾ ಮಾಡಿ ಬರ್ತೀನಿ.”

ಮಾಲಾ ಟೀಚರ್ ಅವರ ಮನೆ ವಿದ್ಯುತ್ ಮಗ್ಗಗಳ ಓಣಿಯಲ್ಲಿದೆ. ಮಾತು ಕೇಳಬೇಕಾದರೆ ಬಾಗಿಲು ಹಾಕಿಕೊಳ್ಳಬೇಕು. ಅವರು ನಮ್ಮನ್ನು ಕೂರಿಸಿದರು, ನನಗೆ ನೀರು ಕೊಟ್ಟರು, ಸಿಸ್ಟರ್ ಮುಂದೆ ಲೋಟವನ್ನು ಮೇಜಿನ ಮೇಲಿಟ್ಟರು. ಕ್ಷಮೆ ಕೇಳುವ ವಿದ್ಯೆ ಸಿಸ್ಟರ್ ಕಲಿತಿರಲಿಲ್ಲ. ಮೊಬೈಲು ತೆಗೆದು, ಚರ್ಚಿನಲ್ಲಿ ಮುದ್ರಿಸಿಕೊಂಡಿದ್ದ ಹಾಡು ಹಚ್ಚಿದರು. ಮಾಲಾ ಗೋಡೆ ನೋಡುತ್ತ ಕೊನೆಯವರೆಗೂ ಕೇಳಿದರು.

“ಹಿಂಗ ಹಾಡಿದ್ದಕ್ಕಽ ನೀ ನನ್ನ ಕೆಳಗ ಇಳಿಸಿದ್ದಿ.”

“ಹೂಂ.”

“ಈಗ ಏನ ಹೇಳಾಕ ಬಂದಿ?”

“ತಪ್ಪ ನಂದು.” ಸಿಸ್ಟರ್ ಕೋಟಿನ ಗುಂಡಿಯೊಂದನ್ನು ತಿರುಗಿಸುತ್ತ ಕುಳಿತರು. “ನಿನ್ನ ಹಾಡ ಛಲೋ ಇತ್ತು. ಅವತ್ತೂ ನನಗ ಛಲೋ ಅನಿಸಿತ್ತು ಮಾಲಾ. ಕ್ಯಾಸೆಟ್‌ಕಿಂತ ಛಲೋ ಅನಿಸಿತು. ಅದಕ್ಕಽ ಸಿಟ್ಟ ಬಂತು.”

ಮಾಲಾ ಎದ್ದು ಒಳಗೆ ಹೋಗಿ ಚಹಾ ತಂದರು. “ಒಂಬತ್ತ ವರ್ಷ,” ಎಂದರು ಮಾಲಾ, “ಅಡಗಿ ಮನ್ಯಾಗ ಸೈತ ನಾ ಗುನುಗಿಲ್ಲ. ಸಾಲ್ಯಾಗ ಮಕ್ಕಳಿಗೆ ಪ್ರಾರ್ಥನಿ ಹೇಳಿಕೊಡಾಕ ಬ್ಯಾರೆಯವರನ್ನ ಕಳಸ್ತೀನಿ.” ಆಮೇಲೆ ನನ್ನ ಕಡೆ ತಿರುಗಿ, “ಚಾ ತಗೋರಿ ಸರ್,” ಎಂದರು. ಸಿಸ್ಟರ್ ಜೊತೆ ಮತ್ತೆ ಮಾತಾಡಲಿಲ್ಲ. ಹಿಂದಿರುಗುವಾಗ ಸಿಸ್ಟರ್ ಸ್ಕೂಟಿಯನ್ನು ಎಷ್ಟು ನಿಧಾನ ಓಡಿಸಿದರೆಂದರೆ ಸೈಕಲ್ಲುಗಳು ನಮ್ಮನ್ನು ದಾಟಿ ಹೋದವು.

ಆದರೆ ಮುಂದಿನ ಭಾನುವಾರ, ನಾನೂ ಸಿಸ್ಟರೂ ನಿಂತಿದ್ದ ಬೀಳಗಿಯ ನಿಲ್ದಾಣದಲ್ಲಿ ಬಸ್ಸಿನಿಂದ ಮಾಲಾ ಇಳಿದರು. ಯಾರೂ ಕರೆದಿರಲಿಲ್ಲ. “ಎಲ್ಲೈತಿ ಆ ಚರ್ಚ್, ತೋರಸು,” ಎಂದರಷ್ಟೇ. ಹಿಂದಿನ ಬೆಂಚಿನಲ್ಲಿ, ಸಿಸ್ಟರ್ ಮತ್ತು ತಮ್ಮ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕುಳಿತರು. ಮೊದಲ ಹಾಡಿಗೆ ಅಲುಗಲಿಲ್ಲ. ಎರಡನೆಯದು ಸೀರೆಯ ಹಾಡು. ‘ಬಾರೊ’ ಎಂದು ಮೂರನೆಯ ಗುಂಪು ಕರೆಯುವಾಗ ನನ್ನ ಬಲಗಡೆಯಿಂದ, ತುಕ್ಕು ಹಿಡಿದ ಬಾಗಿಲು ತೆರೆದಂತಹ ಒಂದು ದನಿ ಎದ್ದಿತು. ಮುದಕವ್ವ ಹಾಡುತ್ತಲೇ ಕತ್ತೆತ್ತಿ ನೋಡಿ, ಕೈ ಬೀಸಿ ಕರೆದಳು. ಮಾಲಾ ಎದ್ದು ಹೋಗಿ ಅವಳ ಪಕ್ಕ ನಿಂತರು. ಸಿಸ್ಟರ್ ನನ್ನ ತೋಳನ್ನು ಹಿಡಿದ ಹಿಡಿತಕ್ಕೆ ಮರುದಿನ ನೀಲಿ ಗುರುತು ಬಿದ್ದಿತ್ತು.

ಅಲ್ಲಿಂದ ಮುಂದೆ ಸಿಸ್ಟರ್ ಸಂಭ್ರಮದ ಕಟ್ಟೆಯೊಡೆಯಿತು. ರಜೆಯ ದಿನಗಳಲ್ಲಿ ಇಬ್ಬರು ಗೆಳತಿಯರೂ ಸ್ಕೂಟಿಯೇರಿ ಜಮಖಂಡಿ, ಮುಧೋಳ, ತೇರದಾಳದ ಕಡೆಗೆಲ್ಲ ಮಾಸ್ತರರ ಹಾಡು ಇನ್ನು ಯಾರ ಯಾರ ಬಾಯಲ್ಲಿ ಹೇಗೆ ಹೇಗೆ ಬದುಕಿದೆಯೆಂದು ಹುಡುಕಿ ಹೊರಟರು. ತಿಮ್ಮಾಪುರದ ಬಳಿ ನಾಯಿಮರಿಗಳಿಗೆ ಹಾಲುಣಿಸುತ್ತ ಅದೇ ಹಾಡನ್ನು ಜೋಗುಳ ಮಾಡಿಕೊಂಡಿದ್ದ ಯಮನಪ್ಪನೆಂಬ ಮುದುಕನೂ ಸಿಕ್ಕಿದ. “ಅವನ ಗತಿ ಬ್ಯಾರೆನಽ ಐತಿ ಸರ್! ಎಷ್ಟ ಚಂದ ಐತಿ!” ಎಂದು ಸಿಸ್ಟರ್ ನನಗೆ ಫೋನಿನಲ್ಲೇ ಅದನ್ನು ಕೇಳಿಸಿದರು, ಹಿನ್ನೆಲೆಯಲ್ಲಿ ಮರಿಗಳು ಕುಂಯ್‌ಗುಡುತ್ತಿದ್ದವು.

ಆ ವರ್ಷದ ಪುಣ್ಯತಿಥಿಗೆ ಚರ್ಚಿನ ಮೇಳವನ್ನು ರಬಕವಿಗೆ ಕರೆಸಬೇಕೆಂದು ಅವರು ಹಟ ಹಿಡಿದಾಗ, ಸಮಿತಿಯ ಹಿರಿಯರಾದ ಸೀರೆ ವ್ಯಾಪಾರಿ ಮುರಗೆಪ್ಪನವರು ಒಪ್ಪಲಿಲ್ಲ. “ಮಾಸ್ತರು ಬರದದ್ದು ನಾಟಕದ ಹಾಡವ್ವಾ. ಅದಕ್ಕ ಪ್ರಾರ್ಥನಿ ಅಂಗಿ ಯಾಕ ತೊಡಸ್ತಿ? ನೀನಽ ಅಲ್ಲೇನ, ಒಂದ ಸ್ವರ ಹೆಚ್ಚಾದ್ರ ಸಭಾ ನಿಲ್ಲಸಾಕಿ?”

“ನಾನಽ, ಕಾಕಾ,” ಎಂದರು ಸಿಸ್ಟರ್. “ಊರು ಮುಳುಗಿದ್ರೂ ಅವರು ಹಾಡ ಉಳಿಸಿಕೊಂಡ್ರು. ನಾನು ಉಳಿಸಿದ್ದು ಬರೇ ಕ್ಯಾಸೆಟ್ಟು.”

ಮುರಗೆಪ್ಪನವರು ಮುಖ ಗಂಟು ಹಾಕಿಕೊಂಡೇ ಹದಿನೈದು ನಿಮಿಷ ಕೊಟ್ಟರು. ಮೇಳದವರಿಗೂ ಅಳುಕಿತ್ತು. ವೇದಿಕೆಯ ಮೆಟ್ಟಿಲಲ್ಲಿ ಮುದಕವ್ವ ಕೇಳಿದಳು, “ನಡುವ ಯಾರರೆ ನಿಲ್ಲಿಸಿದ್ರ ಏನ ಮಾಡೂದು ಬೇ?” ಸಿಸ್ಟರ್ ನಕ್ಕರು: “ಈ ಊರಾಗ ನಿಲ್ಲಸಾಕಿ ನಾ ಒಬ್ಬಾಕಿನಽ ಆಯಿ. ನಾ ನಿಮ್ಮ ಕಡೆ ಅದೀನಿ.”

ಹದಿನಾಲ್ಕು ಜನರ ನಡುವೆ ಮಾಲಾ ನಿಂತು ಹಾಡಿದರು, ಒಂಬತ್ತು ವರ್ಷದ ಹಿಂದೆ ಇಳಿದುಹೋದ ಅದೇ ವೇದಿಕೆಯಿಂದ. ಎರಡನೆಯ ನುಡಿಗೆ ಸಭೆಯ ಹೆಂಗಸರು ‘ಬಾರೊ’ ಎಂದು ತಾವಾಗಿ ಕೂಗತೊಡಗಿದರು. ಮೂರನೆಯದಕ್ಕೆ ಹೊರಗಿನ ಚಹಾ ಅಂಗಡಿಯವರೂ ಒಳಬಂದರು. ಹದಿನೈದು ನಿಮಿಷ ಐವತ್ತಾಯಿತು. ನಾಲ್ಕೈದು ಜನ ಎದ್ದುಹೋದದ್ದು ನಿಜ. ವಂದನಾರ್ಪಣೆಗೆ ಮೊದಲೇ ಮುರಗೆಪ್ಪನವರೂ ಹೊರಟುಹೋದರು. ಮರುದಿನ ಬೆಳಿಗ್ಗೆ ನನಗೆ ಅವರ ಫೋನು ಬಂತು. “ಆ ಹಾಡ ನನ್ನ ಮೊಬೈಲಿಗೆ ಕಳಸ್ರಿ. ಯಾರ ಮುಂದೂ ಹೇಳಬ್ಯಾಡ್ರಿ.” ಅವರ ಮಾತು ನಡೆಸಲಾಗದ್ದಕ್ಕೆ ಇಲ್ಲಿಯೇ ಕ್ಷಮೆ ಕೇಳುತ್ತೇನೆ.

ಪ್ರೀತಿಸಿದ ವಸ್ತುವಿನ ಬಾಗಿಲಿಗೆ ಕಾವಲು ನಿಲ್ಲುವ ಜನ ಪ್ರತಿ ಊರಿನಲ್ಲೂ ಒಬ್ಬಿಬ್ಬರಿರುತ್ತಾರೆ. ಅವರಿಂದ ನಾವು ಮಾತು ಕೇಳುತ್ತೇವೆ, ಬೇಸರಪಡುತ್ತೇವೆ, ಬೆನ್ನ ಹಿಂದೆ ನಗುತ್ತೇವೆ; ಅವರಿಲ್ಲದಿದ್ದರೆ ಎಷ್ಟೋ ಒಳ್ಳೆಯ ಸಂಗತಿಗಳು ನಮ್ಮ ಅಸಡ್ಡೆಯಲ್ಲಿ ಕಳೆದುಹೋಗುತ್ತಿದ್ದವೆಂಬುದೂ ಸುಳ್ಳಲ್ಲ. ಅವರು ಮಾಡುವ ಗಾಯಗಳೂ ಅಷ್ಟೇ ನಿಜ, ಏಕೆಂದರೆ ತಾವು ಕಾಯುತ್ತಿರುವುದು ಎಲ್ಲರಿಗಾಗಿ ಎಂಬುದು ಕಾಯುತ್ತ ಕಾಯುತ್ತ ಅವರಿಗೇ ಮರೆತುಹೋಗಿರುತ್ತದೆ. ಇಂಥವರಲ್ಲಿ ಹೆಚ್ಚಿನವರು ಹಾಗೆಯೇ ಮುದುಕರಾಗುತ್ತಾರೆ. ಎಲ್ಲೋ ಕೆಲವರಿಗೆ, ಅದೂ ಕೈತುಂಬ ಬೇರೆ ಕೆಲಸವಿರುವ ಒಂದು ಬೆಳಿಗ್ಗೆ, ತಮ್ಮ ಪ್ರೀತಿಯ ವಸ್ತು ಅಪರಿಚಿತರ ಮನೆಯಲ್ಲಿ ತಮಗಿಂತ ಸುಖವಾಗಿ ಬೆಳೆದಿರುವುದು ಕಣ್ಣಿಗೆ ಬೀಳುತ್ತದೆ. ಆಗ ಉರಿದುಕೊಳ್ಳದೆ ಕುಣಿದಾಡಬಲ್ಲವರು, ಕುಣಿದಾಡಿದ ಮೇಲೆ ತಾವು ನೋಯಿಸಿದವರ ಬಾಗಿಲು ಹುಡುಕಿಕೊಂಡು ಹೋಗಬಲ್ಲವರು ಬಹಳ ಅಪರೂಪ. ಅಂಥ ಒಬ್ಬರ ಜೊತೆ ಒಂದು ಭಾನುವಾರ ಕಳೆದರೂ ಸಾಕು. ವಯಸ್ಸಾಗುವುದರ ಬಗ್ಗೆ ನಮಗಿರುವ ಭಯ ಎಷ್ಟೋ ಕಡಿಮೆಯಾಗುತ್ತದೆ.